ನಾಲ್ಕನೇ ಜಾಗದ ನೀರು

ಓಡ್ನಿ ತ್ವೇಟ್ನೆಸ್‌ಗೆ ಹೇಸಿಗೆ ಸುಲಭಕ್ಕೆ ಹುಟ್ಟುತ್ತಿರಲಿಲ್ಲ. ಸ್ಕಾರ್‌ವಿಕ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದವಳು, ಅಲ್ಲಿಯ ರೂಢಿಯಂತೆ ಮಕ್ಕಳಿಗೂ ಬರೀ ಓಡ್ನಿ. ಕಸಾಯಿಖಾನೆಯಿಂದ ಬಕೆಟ್ಟಿನಲ್ಲಿ ತಂದ ಕುರಿಯ ಶ್ವಾಸಕೋಶವನ್ನು ಬರಿಗೈಯಲ್ಲಿ ಎತ್ತಿ, ಕೊಳವೆ ಸಿಕ್ಕಿಸಿ ಊದಿ, ಅದು ಹೇಗೆ ಉಬ್ಬುತ್ತದೆಂದು ಮಕ್ಕಳಿಗೆ ತೋರಿಸುವವಳು. ಮುಂದಿನ ಸಾಲಿನವರು ಮೂಗು ಹಿಡಿದುಕೊಂಡರೆ, ನಿಮ್ಮೊಳಗೂ ಇದೇ ಇರುವುದು ಎಂದು ನಗುತ್ತಿದ್ದಳು. ಅಂಥವಳು ಆ ಅಕ್ಟೋಬರಿನ ಒಂದು ಮಂಗಳವಾರ ಶಿಕ್ಷಕರ ಶೌಚಾಲಯದಲ್ಲಿ ಗೋಡೆ ಹಿಡಿದು ಬಾಗಿ, ಬೆಳಗ್ಗೆ ತಿಂದ ಬ್ರೆಡ್ಡನ್ನೂ ಕುಡಿದ ಕಾಫಿಯನ್ನೂ ಕಕ್ಕಿಬಿಟ್ಟಳು. ಅದಕ್ಕೆ ಕಾರಣವಾದದ್ದು ಒಂದು ಹುಡುಗಿ ಬರೆದ ಎರಡು ಸಾಲು.

ಶುರುವಾದದ್ದು ಆ ವರ್ಷದ ಫೆಬ್ರವರಿಯಲ್ಲಿ. ಹೊಳೆಯ ಮೇಲ್ಗಡೆ ಇರುವ ಸ್ಕಾರ್‌ವಿಕ ಶಾಲೆಗೂ, ಆರು ಕಿಲೋಮೀಟರ್ ಕೆಳಗೆ ಸಮುದ್ರ ನೆಲದೊಳಕ್ಕೆ ಚಾಚಿದ ಕಡೆ ಇರುವ ನೇಸ್ ಶಾಲೆಗೂ ಮುನಿಸಿಪಾಲಿಟಿಯವರು ಒಂದು ಹೊಸ ಏರ್ಪಾಟು ಮಾಡಿಕೊಟ್ಟರು. ಮಕ್ಕಳು ಹೊಳೆಯ ಒಂಬತ್ತು ಜಾಗಗಳಲ್ಲಿ ನೀರು ಎಷ್ಟು ಬೆಚ್ಚಗಿದೆ, ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯಬೇಕು. ಅಳೆದದ್ದನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿದರೆ ಎರಡೂ ಶಾಲೆಗೆ ಸೇರಿದ ಒಂದೇ ಹಲಗೆಯ ಮೇಲೆ ಕಾಣುತ್ತದೆ. ಅದರ ಕೆಳಗೆ ಆಚೆಯವರು ಪ್ರಶ್ನೆ ಹಾಕಬೇಕು, ಈಚೆಯವರು ಉತ್ತರ ಕೊಡಬೇಕು, ಕೊನೆಗೆ ಎಲ್ಲರೂ ಕೂಡಿ ಒಂದು ತೀರ್ಮಾನಕ್ಕೆ ಬರಬೇಕು. ಮಕ್ಕಳು ಅದಕ್ಕೆ ಕೂಡುಹಲಗೆ ಎಂದು ಹೆಸರಿಟ್ಟರು. ನೀರಿಗೆ ಅದ್ದುವ ಸೆನ್ಸರುಗಳನ್ನು ಊರಿನ ಮರಿಕೇಂದ್ರದವರು, ಎಂದರೆ ಸಾಲ್ಮನ್ ಮೀನಿನ ಮರಿ ಸಾಕುವವರು, ಹಳದಿ ಪೆಟ್ಟಿಗೆಗಳಲ್ಲಿ ಉಡುಗೊರೆ ಕೊಟ್ಟಿದ್ದರು. ಓಡ್ನಿಯ ಗಂಡ ಮಾಗ್ನರ್ ಅಲ್ಲೇ ಪಾಳಿಯ ಮುಖ್ಯಸ್ಥ.

ಯಂತ್ರ ಕಂಡರೆ ಮುಖ ಸಿಂಡರಿಸುವ ಜಾತಿಯವಳಲ್ಲ ಓಡ್ನಿ. ಮೊದಲ ಎರಡು ತಿಂಗಳು ಅವಳಿಗೆ ಕೂಡುಹಲಗೆಯ ಮೇಲೆ ನಿಜಕ್ಕೂ ಪ್ರೀತಿ ಬಂದಿತ್ತು. ನೇಸ್‌ನವರ ನೀರು ಯಾವಾಗಲೂ ಒಂದೂವರೆ ಡಿಗ್ರಿ ಹೆಚ್ಚು ಬೆಚ್ಚಗೆ ಕಾಣುತ್ತಿತ್ತು. ನಿಮ್ಮ ಸೆನ್ಸರ್ ಸುಳ್ಳು ಎಂದು ಇವರು, ನಿಮಗೆ ಓದಲು ಬರುವುದಿಲ್ಲ ಎಂದು ಅವರು ಒಂದು ವಾರ ಕಿತ್ತಾಡಿದರು. ಕೊನೆಗೆ ಶಾಲೆಯ ಬಸ್ಸಿನಲ್ಲಿ ಸೆನ್ಸರುಗಳನ್ನು ಅದಲುಬದಲು ಮಾಡಿಕೊಂಡು ನೋಡಿದರೆ ಎರಡೂ ಸರಿಯಾಗಿದ್ದವು. ಇವರು ಅಳೆಯುತ್ತಿದ್ದುದು ಬೆಳಗಿನ ಮೊದಲ ತರಗತಿಯಲ್ಲಿ, ಅವರು ಊಟವಾದ ಮೇಲೆ. ಅದನ್ನು ಪತ್ತೆ ಮಾಡಿದ್ದು ಯಾವ ಮೇಷ್ಟ್ರೂ ಅಲ್ಲ, ಮಕ್ಕಳೇ. ಎರಡು ವರ್ಷ ತರಗತಿಯಲ್ಲಿ ತುಟಿ ಬಿಚ್ಚದಿದ್ದ ಸಿನ್ನೆವ ಎಂಬ ಹುಡುಗಿ ಹಲಗೆಯ ಮೇಲೆ ಒಂದೇ ಉಸಿರಿಗೆ ಎಂಟು ಪ್ರಶ್ನೆ ಬರೆಯುತ್ತಿದ್ದಳು. ಅವಳಿಗೆ ಸರಿಸಾಟಿಯಾಗಿ ನೇಸ್‌ನ ಕಡೆಯಿಂದ ಹೊದನ್ ಎಂಬವಳು, ಸೊಮಾಲಿಯಾದಿಂದ ಬಂದ ತಂದೆತಾಯಿಯ ಮಗಳು, ಯಾವುದನ್ನೂ ಒಂದೇ ಸಲಕ್ಕೆ ನಂಬದವಳು.

ಏಪ್ರಿಲಿನಲ್ಲಿ ಹಲಗೆಗೆ ವೃತ್ತಗಳು ಬಂದವು. ಮುನಿಸಿಪಾಲಿಟಿಯ ಶಿಕ್ಷಣ ಸಲಹೆಗಾರ ಎಸ್ಕಿಲ್ ಎಂಬವನ ತಲೆಯಲ್ಲಿ ಹುಟ್ಟಿದ್ದು ಅದು. ಪ್ರತಿ ಮಗುವಿನ ಹೆಸರಿನ ಪಕ್ಕ ಒಂದು ವೃತ್ತ. ಇನ್ನೊಬ್ಬರಿಗೆ ಒಂದು ಸಾಲು ಬರೆದರೆ ಅದು ಸ್ವಲ್ಪ ತುಂಬುತ್ತದೆ, ಪೂರ್ತಿ ತುಂಬಿದರೆ ಹಸಿರಾಗುತ್ತದೆ. ಅದಕ್ಕೆ ಸಹಕಾರದ ಅಳತೆ ಎಂದು ಹೆಸರು. ಮಕ್ಕಳಿಗೆ ಅದರ ಗುಟ್ಟು ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. "ಚೆನ್ನಾಗಿದೆ. ನಾನೂ ಒಪ್ತೀನಿ" ಎಂದು ಬರೆದರೆ ಸಾಕು, ಓದಬೇಕಾಗಿಯೂ ಇಲ್ಲ. ಹಲಗೆಯ ತುಂಬ ಅದೇ ಎರಡು ಸಾಲು, ನೊಣ ಕೂತ ಹಾಗೆ.

ಪರೀಕ್ಷಿಸೋಣ ಎಂದು ಓಡ್ನಿ ಒಂದು ದಿನ ಎರಡನೇ ಜಾಗದ ನೀರಿನ ಉಷ್ಣತೆ ಎಪ್ಪತ್ತೊಂದು ಡಿಗ್ರಿ ಎಂದು ತಾನೇ ಬರೆದಳು. ಕೈ ಹಾಕಿದರೆ ಚರ್ಮ ಸುಲಿಯುವ ಬಿಸಿ. ಮಧ್ಯಾಹ್ನದೊಳಗೆ ಹದಿನಾಲ್ಕು ಮಕ್ಕಳು ಒಪ್ಪಿದ್ದರು. ಅದನ್ನು ಮುಖ್ಯೋಪಾಧ್ಯಾಯ ಟೊರ್ಗೈರ್‌ಗೆ ತೋರಿಸಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, ಏನೇ ಆಗಲಿ ಹದಿನಾಲ್ಕೂ ವೃತ್ತ ಹಸಿರಾಗಿದೆಯಲ್ಲ ಎಂದ. ತಮಾಷೆಗೆ ಹೇಳುತ್ತಿದ್ದಾನೆಂದು ಓಡ್ನಿ ಕಾದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವತ್ತು ಮೊದಲ ಸಲ ಅವಳ ಬಾಯೊಳಗೆ ಹುಳಿ ನೀರು ಬಂದಂತಾಯಿತು. ಎಸ್ಕಿಲ್ ಆಗಲೇ ಈ ಹಸಿರು ವೃತ್ತಗಳನ್ನು ನಗರದ ಸಭೆಯೊಂದರಲ್ಲಿ ತೋರಿಸಿ ಬಂದಿದ್ದ. ಶರತ್ಕಾಲಕ್ಕೆ ರಾಜಧಾನಿಯಿಂದ ಅತಿಥಿಗಳು ಬಂದು ತರಗತಿಯನ್ನೇ ನೋಡುವುದೆಂದು ನಿಶ್ಚಯವಾಗಿತ್ತು.

ಸೆಪ್ಟೆಂಬರ್ ಕೊನೆಯ ವಾರ, ಮಳೆಯಿಲ್ಲದೆ ಹೊಳೆ ಸೊರಗಿದ್ದ ದಿನಗಳಲ್ಲಿ, ಸಿನ್ನೆವಳ ಗುಂಪು ನಾಲ್ಕನೇ ಜಾಗಕ್ಕೆ ಹೋಯಿತು. ಅದು ಮರಿಕೇಂದ್ರದ ಕೊಳವೆ ಹೊಳೆಗೆ ಬಂದು ಬೀಳುವ ಕಡೆಯಿಂದ ಇನ್ನೂರು ಹೆಜ್ಜೆ ಕೆಳಗೆ. ಅವರು ಕೂಗಿದ ದನಿ ಕೇಳಿ ಓಡ್ನಿ ಇಳಿದು ಹೋದಳು. ನೀರಿನ ತಳದ ಒಂದೊಂದು ಕಲ್ಲಿನಿಂದಲೂ ಬೂದುಬಿಳಿ ಲೋಳೆ ಎಳೆ ಎಳೆಯಾಗಿ ಜೋತು ಹರಿವಿನಲ್ಲಿ ಅಲ್ಲಾಡುತ್ತಿತ್ತು. ಹಳಬರು ಅದಕ್ಕೆ ಕುರಿಮರಿಬಾಲ ಎನ್ನುತ್ತಾರೆ. ಕೊಳಚೆ ಸೇರಿದ ನೀರಿನಲ್ಲಿ ಮಾತ್ರ ಬೆಳೆಯುವಂಥದ್ದು. ಬೂಟು ಅದರ ಮೇಲಿಟ್ಟರೆ ಜಾರುತ್ತಿತ್ತು, ಕಲಕಿದರೆ ಕೊಳೆತ ಮೊಟ್ಟೆಯ ವಾಸನೆ ಮೇಲೆದ್ದು ಗಂಟಲಲ್ಲಿ ಕೂರುತ್ತಿತ್ತು. ಆಮ್ಲಜನಕ ಲೀಟರಿಗೆ ಮೂರು ಮಿಲಿಗ್ರಾಂ. ಮೇಲಿನ ಜಾಗಗಳಲ್ಲೆಲ್ಲ ಹತ್ತರ ಹತ್ತಿರವಿತ್ತು.

ಸಿನ್ನೆವ ಫೋಟೋ ಸಮೇತ ಹಲಗೆಯ ಮೇಲೆ ಹಾಕಿದಳು. ಹತ್ತು ನಿಮಿಷದಲ್ಲಿ ಹೊದನ್‌ಳ ಉತ್ತರ ಬಂತು: ನಿನ್ನ ಸೆನ್ಸರನ್ನು ಕೆಸರಿನಲ್ಲಿ ಹುಗಿದಿದ್ದೀಯ, ಮೂರಕ್ಕೆ ಮೀನು ಬದುಕುವುದಿಲ್ಲ. ಮೀನು ಬದುಕಿದೆ ಅಂತ ಯಾರು ಹೇಳಿದರು, ಎಂದು ಸಿನ್ನೆವ. ಮಾರನೇ ದಿನ ಹೊದನ್ ತನ್ನ ಗುಂಪನ್ನು ಕಟ್ಟಿಕೊಂಡು, ತಮ್ಮದೇ ಸೆನ್ಸರ್ ಹಿಡಿದು ಬಸ್ಸಿನಲ್ಲಿ ಬಂದಿಳಿದಳು. ಅವರಿಗೆ ಸಿಕ್ಕಿದ್ದು ಮೂರು ಪಾಯಿಂಟ್ ಎರಡು. ಆಮೇಲೆ ಒಂಬತ್ತು ದಿನ ಎರಡು ಶಾಲೆಯ ಮಕ್ಕಳು ಹಲಗೆಯ ಮೇಲೆ ಜಗಳವಾಡಿದರು: ಎಲೆ ಕೊಳೆತು ಹೀಗಾಗಿರಬಹುದೇ, ಹಾಗಿದ್ದರೆ ಕೊಳವೆಯ ಮೇಲ್ಗಡೆ ಏಕಿಲ್ಲ, ನೀರು ಕಡಿಮೆಯಾಗಿದ್ದಕ್ಕೆ ಇರಬಹುದೇ, ಹಾಗಿದ್ದರೆ ಒಂಬತ್ತೂ ಜಾಗದಲ್ಲಿ ಇಳಿಯಬೇಕಿತ್ತಲ್ಲ. ನಲವತ್ತೊಂದು ಮಾತು, ಅದರಲ್ಲಿ ಒಂದಾದರೂ 'ಚೆನ್ನಾಗಿದೆ' ಇರಲಿಲ್ಲ. ಓಡ್ನಿ ಅದನ್ನು ಮನೆಯಲ್ಲಿ ಕೂತು ಎರಡೆರಡು ಸಲ ಓದಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ತಾನು ಕಂಡ ಅತ್ಯುತ್ತಮ ವಿಜ್ಞಾನದ ಪಾಠ ಅದು, ಅದರಲ್ಲಿ ತಾನು ಒಂದು ಮಾತೂ ಆಡಿಲ್ಲ ಎಂದು ಅವಳಿಗೆ ಹೆಮ್ಮೆಯಾಗಿತ್ತು.

ಅತಿಥಿಗಳು ಬರುವ ಹಿಂದಿನ ದಿನ, ಸೋಮವಾರ, ಅವಳು ಹಲಗೆ ತೆರೆದಳು. ನಾಲ್ಕನೇ ಜಾಗದಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂದಿತ್ತು. ಫೋಟೋ ಇಲ್ಲ. ನಲವತ್ತೊಂದು ಮಾತೂ ಇಲ್ಲ. ಅಂಥದ್ದೊಂದು ನಡೆದೇ ಇಲ್ಲವೆಂಬಂತೆ ಸಾರಿಸಿ ಗುಡಿಸಿ ಇಟ್ಟಿತ್ತು.

ಟೊರ್ಗೈರ್‌ನ ಕೋಣೆಯಲ್ಲಿ ಎಸ್ಕಿಲ್ ಕೂತಿದ್ದ, ಮುಂದೆ ದಾಲ್ಚಿನ್ನಿ ಬನ್ನಿನ ತಟ್ಟೆ. ಅಳಿಸಿಲ್ಲ, ಬರೀ ಮರೆಮಾಡಿದ್ದೇವೆ ಎಂದ ಟೊರ್ಗೈರ್. ಅಕ್ಕಪಕ್ಕದ ಅಳತೆಗಿಂತ ಬಹಳ ಬೇರೆಯಾಗಿದ್ದರೆ ಹಲಗೆಯೇ ಅದನ್ನು ತಪ್ಪೆಂದು ಗುರುತು ಹಾಕುತ್ತದೆ, ಅದರ ಜಾಗಕ್ಕೆ ಅಕ್ಕಪಕ್ಕದ ಸರಾಸರಿ ಬರುತ್ತದೆ, ನಾವು ಒಪ್ಪಿಗೆಯ ಗುಂಡಿ ಒತ್ತಿದೆವು ಅಷ್ಟೇ ಎಂದು ಎಸ್ಕಿಲ್ ವಿವರಿಸಿದ. ಎರಡು ಸೆನ್ಸರ್, ಎರಡು ಶಾಲೆ, ಒಂಬತ್ತು ದಿನದ ಅಳತೆ ತಪ್ಪು ಹೇಗಾಗುತ್ತದೆ ಎಂದು ಓಡ್ನಿ ಕೇಳಿದಳು.

ಎಸ್ಕಿಲ್ ಬೆರಳಿಗೆ ಅಂಟಿದ ಸಕ್ಕರೆ ನೆಕ್ಕಿಕೊಂಡು ಸಮಾಧಾನವಾಗಿ ಹೇಳಿದ: "ನೋಡು ಓಡ್ನಿ, ಮಕ್ಕಳು ಕೂಡಿ ಕೆಲಸ ಮಾಡೋದು ಕಲೀಲಿ ಅನ್ನೋದು ಮುಖ್ಯ. ನೀರಲ್ಲಿ ಏನಿದೆ ಅನ್ನೋದು ನಮ್ಮ ವಿಷಯ ಅಲ್ಲ."

"ಮತ್ತೆ ಅವರನ್ನ ನೀರಿಗ್ಯಾಕೆ ಇಳಿಸಿದ್ವಿ?"

ನಾಳೆ ಒಂದು ದಿನ ಸುಮ್ಮನಿರು, ಮರಿಕೇಂದ್ರದವರೂ ಬರುತ್ತಿದ್ದಾರೆ, ಸೆನ್ಸರ್ ಕೊಟ್ಟವರು, ಆಮೇಲೆ ಎಲ್ಲ ಸರಿಮಾಡೋಣ ಎಂದು ಟೊರ್ಗೈರ್ ಬಾಯಿಗೆ ಬೆಣ್ಣೆ ಸವರಿದ. ಆ ನೆಕ್ಕಿದ ಬೆರಳು, ಆ ತಟ್ಟೆಯ ಅಂಚಿನ ಸಕ್ಕರೆಪುಡಿ, ಇಬ್ಬರ ಮುಖದ ಮೇಲಿನ ಆ ಬೆಚ್ಚನೆಯ ಸೌಜನ್ಯ ಎಲ್ಲವೂ ಓಡ್ನಿಗೆ ಆ ಕಲ್ಲುಗಳ ಮೇಲಿನ ಲೋಳೆಯಂತೆಯೇ ಕಂಡಿತು. ಲೋಳೆಯೇ ಮೇಲು, ಅದು ತನ್ನ ವಾಸನೆಯನ್ನು ಬಚ್ಚಿಡುವುದಿಲ್ಲ.

ಅವತ್ತು ಸಂಜೆ ಊಟಕ್ಕೆ ಮೀನಿನ ಉಂಡೆ, ಬಿಳಿ ಸಾಸು, ಆಲೂಗಡ್ಡೆ. ಮಾಗ್ನರ್ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಜಜ್ಜುತ್ತ, ನಾಳೆ ಅವರ ಮುಂದೆ ಏನೂ ಆಡಬೇಡ ಎಂದ. ವಿಷಯ ಅವನಿಗೆ ಹೇಗೆ ತಿಳಿಯಿತೆಂದು ಅವಳು ಕೇಳಿದಳು. ಎಲ್ಲರಿಗೂ ಗೊತ್ತಲ್ಲ ಎಂದ. ಕೊಚ್ಚೆ ಸೋಸುವ ದೊಡ್ಡ ಡ್ರಮ್ಮು ಆಗಸ್ಟಿನಿಂದಲೇ ಕೆಟ್ಟಿದೆ. ಹೊಸ ಜಾಲರಿ ಬರುವುದು ತಡವಾಗಿದೆ. ಅಲ್ಲಿಯವರೆಗೆ ಮೀನಿನ ಹೇಲು, ತಿನ್ನದೆ ಉಳಿದ ಆಹಾರ ಎಲ್ಲ ಸೀದಾ ಹೊಳೆಗೆ ಹೋಗುತ್ತಿದೆ. ಮರಿಕೇಂದ್ರದ ದಿನಚರಿಯಲ್ಲಿ ಮಾತ್ರ ಡ್ರಮ್ಮು ಸರಿಯಿದೆ ಎಂದು ಬರೆಯಬೇಕು. ಬರೆಯುತ್ತಿದ್ದವನು ಅವನೇ.

"ನೀನಾ?" ಎಂದಳು ಓಡ್ನಿ.

"ಮೂವತ್ತನಾಲ್ಕು ಜನ ಕೆಲಸ ಮಾಡ್ತೀವಿ ಕಣೆ ಅಲ್ಲಿ. ಮುಚ್ಚಿಸಿಬಿಟ್ರೆ ಈ ಊರಲ್ಲಿ ಏನಿದೆ? ನಿನ್ನ ಶಾಲೆಗೆ ಮಕ್ಕಳು ಎಲ್ಲಿಂದ ಬರ್ತಾವೆ?"

ಮಾತು ಸುಳ್ಳಾಗಿರಲಿಲ್ಲ. ಅವನು ಜಜ್ಜಿದ ಆಲೂಗಡ್ಡೆಗೆ ಸಾಸು ಸುರಿದುಕೊಂಡ. ಆ ಬೂದುಬಿಳಿ ಸಾಸು ತಟ್ಟೆಯ ಮೇಲೆ ನಿಧಾನವಾಗಿ ಹರಡುವುದನ್ನು ನೋಡಲಾರದೆ ಓಡ್ನಿ ಎದ್ದು ತನ್ನ ತಟ್ಟೆಯನ್ನು ತೊಟ್ಟಿಗೆ ಬಗ್ಗಿಸಿದಳು. ಅವನು ಎರಡನೇ ಸಲ ಬಡಿಸಿಕೊಂಡ.

ಮಂಗಳವಾರ ಏಳು ಅತಿಥಿಗಳು ಬಂದರು, ಒಳ್ಳೊಳ್ಳೆಯ ಉಣ್ಣೆಯ ಕೋಟು, ಒದ್ದೆಯಾಗದ ಬೂಟು. ಗೋಡೆಯ ಪರದೆಯ ಮೇಲೆ ಕೂಡುಹಲಗೆ ಅಗಲವಾಗಿ ತೆರೆದಿತ್ತು. ಎಸ್ಕಿಲ್ ಹೊಳೆಯ ನಕ್ಷೆ ತೋರಿಸಿ, ಮಕ್ಕಳು ಹೇಗೆ ಒಬ್ಬರಿಂದೊಬ್ಬರು ಕಲಿಯುತ್ತಾರೆಂದು ಹೇಳಿದ. ಮರಿಕೇಂದ್ರದ ವ್ಯವಸ್ಥಾಪಕಿ ಹಿಂದೆ ನಿಂತು ತಲೆದೂಗುತ್ತಿದ್ದಳು. ಈಗ ಮಕ್ಕಳು ಒಬ್ಬರ ಅಳತೆಯ ಬಗ್ಗೆ ಇನ್ನೊಬ್ಬರು ಬರೆಯಲಿ, ಅತಿಥಿಗಳು ನೋಡಲಿ ಎಂದಾಯಿತು. ಆಗ ಮೂರನೇ ಸಾಲಿನಿಂದ ಸಿನ್ನೆವ ಕೈಯೆತ್ತಿದಳು. ತರಗತಿಯಲ್ಲಿ ಅವಳು ಕೈಯೆತ್ತಿದ್ದು ಅದೇ ಮೊದಲು.

"ಓಡ್ನಿ, ನಾವು ನಾಲ್ಕನೇ ಜಾಗದಲ್ಲಿ ಮೂರು ಅಂತ ಬರೆದಿದ್ವಿ. ಅದೆಲ್ಲಿ ಹೋಯ್ತು?"

ಟೊರ್ಗೈರ್ ನೆಲ ನೋಡುತ್ತಿದ್ದ. ಓಡ್ನಿಗೆ ಹೇಳಬೇಕಾದದ್ದು ಗೊತ್ತಿತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿ ತೆರೆದಾಗ ಹೊರಬಂದದ್ದು ಬೇರೆ. ಯಂತ್ರ ಅದನ್ನ ತಪ್ಪು ಅಂತ ತೆಗೆದಿದೆ, ಆಮೇಲೆ ನೋಡೋಣ ಎಂದಳು. ತನ್ನ ದನಿಯಲ್ಲಿ ಟೊರ್ಗೈರ್‌ನ ಬೆಣ್ಣೆ ಸವರಿದ ರಾಗ ಅವಳಿಗೇ ಕೇಳಿಸಿತು.

ಸಿನ್ನೆವ ಅವಳನ್ನು ಒಂದು ಗಳಿಗೆ ನೋಡಿದಳು. ಕೋಪವಿರಲಿಲ್ಲ, ಅಚ್ಚರಿಯೂ ಇರಲಿಲ್ಲ; ದೊಡ್ಡವರು ಇಷ್ಟೇ ಎಂದು ಲೆಕ್ಕ ಹಾಕಿ ಮುಗಿಸಿದ ನೋಟ. ಆಮೇಲೆ ತಲೆತಗ್ಗಿಸಿ ಟ್ಯಾಬ್ಲೆಟ್ ಒತ್ತಿದಳು. ಪರದೆಯ ಮೇಲೆ, ಒಂಬತ್ತು ಪಾಯಿಂಟ್ ಎಂಟರ ಕೆಳಗೆ, ಅವಳ ಹೆಸರಿನಲ್ಲಿ ದೊಡ್ಡ ಅಕ್ಷರದಲ್ಲಿ ಮೂಡಿತು: ಚೆನ್ನಾಗಿದೆ. ನಾನೂ ಒಪ್ತೀನಿ. ಅವಳ ವೃತ್ತ ತುಂಬಿ ಹಸಿರಾಯಿತು. ಅತಿಥಿಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಓಡ್ನಿ ಕ್ಷಮಿಸಿ ಎಂದು ಹೊರಗೆ ಹೋದಳು. ಶೌಚಾಲಯದ ಗೋಡೆ ಹಿಡಿದು ಕಕ್ಕಿದಳು. ಬಾಯಿ ತೊಳೆದು ಕನ್ನಡಿಯಲ್ಲಿ ನೋಡಿಕೊಂಡಾಗ ತನ್ನ ಮುಖವೇ ಅವಳಿಗೆ ಸೇರಲಿಲ್ಲ. ಟೊರ್ಗೈರ್, ಎಸ್ಕಿಲ್, ಮಾಗ್ನರ್ ಮೂವರ ಮೇಲೂ ಅಸಹ್ಯಪಡುವುದು ಸುಲಭವಿತ್ತು. ಅವರು ಮುಚ್ಚಿದ್ದು ಅಂಕಿಯನ್ನು. ಅವರು ಕೊಟ್ಟ ಸುಳ್ಳನ್ನು ಮಗುವಿನ ಬಾಯಿಗೆ ತುರುಕಿದವಳು ತಾನು.

ಬುಧವಾರ ಬೆಳಗ್ಗೆ ಅವಳು ತರಗತಿಯ ಮುಂದೆ ನಿಂತು, ನಿನ್ನೆ ನಾನು ಹೇಳಿದ್ದು ಸುಳ್ಳು, ನಿಮ್ಮ ಅಳತೆ ಸರಿಯಿದೆ, ಅದನ್ನು ಮರೆಮಾಡಿದ್ದು ಯಂತ್ರವಲ್ಲ ಮನುಷ್ಯರು ಎಂದಳು. ಆಮೇಲೆ ನೆಲಮಾಳಿಗೆಯಿಂದ ಹಳೆಯ ಮರದ ಪೆಟ್ಟಿಗೆ ತರಿಸಿದಳು. ಅದರೊಳಗೆ ಗಾಜಿನ ಬಿರಡೆಯ ಬಾಟಲಿಗಳು. ಸೆನ್ಸರ್ ಬರುವ ಮೊದಲು ನೀರಿನ ಆಮ್ಲಜನಕ ಅಳೆಯುತ್ತಿದ್ದ ಸರಂಜಾಮು. ಅದಕ್ಕೆ ಬೇಕಾದ ರಾಸಾಯನಿಕ ಔಷಧಿಯನ್ನು ನಗರದ ಕಾಲೇಜಿನಲ್ಲಿದ್ದ ಗೆಳತಿಯೊಬ್ಬಳು ಮಾರನೇ ದಿನದ ಬಸ್ಸಿನಲ್ಲಿ ಕಳಿಸಿದಳು. ನೇಸ್ ಶಾಲೆಯ ಮೇಷ್ಟ್ರಿಗೆ ಫೋನು ಮಾಡಿದರೆ, ಹೊದನ್ ಆಗಲೇ ಎರಡು ದಿನದಿಂದ ಅವನ ತಲೆ ತಿನ್ನುತ್ತಿದ್ದಳಂತೆ: ನಾವು ಆಡಿದ ಮಾತೆಲ್ಲ ಯಾರು ನುಂಗಿದರು ಎಂದು.

ಶುಕ್ರವಾರ ಎರಡೂ ಶಾಲೆಯ ಮಕ್ಕಳು ಹೊಳೆಯ ದಂಡೆಯಲ್ಲಿ ಸೇರಿದರು. ಒಂಬತ್ತು ಜಾಗದ ನೀರು ಒಂಬತ್ತು ಬಾಟಲಿಗೆ. ಎರಡು ಔಷಧಿ ಹನಿಸಿ ಬಿರಡೆ ಹಾಕಿ ತಲೆಕೆಳಗು ಮಾಡಬೇಕು; ಆಮ್ಲಜನಕವಿದ್ದರೆ ನೀರು ಕಂದು ತಿರುಗುತ್ತದೆ, ಅದು ಕಡಿಮೆಯಾದಷ್ಟೂ ಬೆಳ್ಳಗಾಗುತ್ತದೆ. ಬಾಟಲಿಗಳನ್ನು ಮರದ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಮೊದಲ ಮೂರು ಕಾಫಿಯ ಹಾಗೆ ಗಾಢವಾದವು. ನಾಲ್ಕನೆಯದು ನೀರು ಬೆರೆಸಿದ ಹಾಲಿನ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಯಾರೂ ಏನೂ ಬರೆಯಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಹೊದನ್ ಆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಇನ್ನೊಂದು ಸಲ ಮಾಡೋಣ, ಬಾಟಲಿ ಕೊಳಕಾಗಿದ್ದಿರಬಹುದು ಎಂದಳು. ಮೂರು ಸಲ ಮಾಡಿದರು. ಮೂರು ಸಲವೂ ಅದೇ.

ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಅದಕ್ಕೆ ಮೂವತ್ತೆಂಟು ಮಕ್ಕಳೂ ಇಬ್ಬರು ಮೇಷ್ಟ್ರುಗಳೂ ಸಹಿ ಹಾಕಿ ಪರಿಸರ ನೋಡಿಕೊಳ್ಳುವ ಜಿಲ್ಲಾ ಕಚೇರಿಗೆ ಕಳಿಸಿದರು. ಸಿನ್ನೆವ ಸಹಿ ಹಾಕಿದಳು, ಕೊನೆಯಲ್ಲಿ, ಪೆನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು. ಮೂರು ವಾರದ ಮೇಲೆ ಹೇಳದೆ ಕೇಳದೆ ಇಬ್ಬರು ತಪಾಸಣೆಗೆ ಬಂದರು. ಮರಿಕೇಂದ್ರ ಮುಚ್ಚಲಿಲ್ಲ. ಅದಕ್ಕೊಂದು ಕಟುವಾದ ಆಜ್ಞೆ ಹೋಯಿತು. ಆಗಸ್ಟಿನಿಂದ ಬಾರದ ಜಾಲರಿ ಆರು ದಿನದಲ್ಲಿ ಬಂತು. ಅಷ್ಟು ಸುಲಭವಿದ್ದದ್ದಕ್ಕೆ ಇಷ್ಟೆಲ್ಲ ಸುಳ್ಳು ಬೇಕಾಯಿತೇ ಎಂದು ಓಡ್ನಿಗೆ ಇನ್ನೂ ಹೆಚ್ಚು ಹೇಸಿಗೆಯಾಯಿತು. ದಿನಚರಿಯ ಬಗ್ಗೆ ತಪಾಸಣೆಯವರು ಕೇಳಿದಾಗ ಮಾಗ್ನರ್ ತನಗೇನೂ ನೆನಪಿಲ್ಲ ಎಂದನಂತೆ. ಅದನ್ನು ಅವನೇ ಮನೆಗೆ ಬಂದು ಹೇಳಿದ, ಒಂದು ಕಷ್ಟದ ಕೆಲಸ ಮುಗಿಸಿದವನ ಹಾಗೆ. ಓಡ್ನಿ ಅವತ್ತಿನಿಂದ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಳು. ಕೋಪವೇ ಎಂದು ಅವನು ಕೇಳಿದ. ಕೋಪವಾಗಿದ್ದರೆ ಇಷ್ಟರಲ್ಲಿ ಇಳಿಯುತ್ತಿತ್ತು ಎಂದಳು.

ಕೂಡುಹಲಗೆ ಜನವರಿಯಿಂದ ಮುನಿಸಿಪಾಲಿಟಿಯ ಹನ್ನೊಂದೂ ಶಾಲೆಗಳಿಗೆ ಬಂತು, ವೃತ್ತಗಳ ಸಮೇತ. ಎಸ್ಕಿಲ್‌ಗೆ ಬಡ್ತಿಯಾಯಿತು. ಟೊರ್ಗೈರ್ ವೇಳಾಪಟ್ಟಿ ಬದಲಿಸಿ, ಹೊಸಬರಿಗೂ ಅವಕಾಶ ಬೇಕು ನೋಡು ಎಂದು, ಓಡ್ನಿಯ ವಿಜ್ಞಾನವನ್ನು ಒಬ್ಬ ಎಳೆಯ ಮೇಷ್ಟ್ರಿಗೆ ಕೊಟ್ಟು ಅವಳಿಗೆ ಅಡುಗೆ ಪಾಠ ಹಚ್ಚಿದ. ಶಿಕ್ಷಕರ ಕೋಣೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬಹಳ ಮರ್ಯಾದೆಯಿಂದ ಕಾಫಿ ಕೊಡುತ್ತಿದ್ದರು, ಅವಳು ಬಂದ ಕೂಡಲೇ ಹವಾಮಾನದ ಮಾತು ತೆಗೆಯುತ್ತಿದ್ದರು. ಸಿನ್ನೆವ ಮತ್ತು ಹೊದನ್ ಮಾತ್ರ ಹಲಗೆಯ ಹಂಗು ಬಿಟ್ಟು, ತಮ್ಮ ಫೋನಿನಲ್ಲೇ ಒಂದು ಗುಂಪು ಮಾಡಿಕೊಂಡು, ಎರಡು ವಾರಕ್ಕೊಮ್ಮೆ ನಾಲ್ಕನೇ ಜಾಗ ಅಳೆಯುತ್ತಿದ್ದರೆಂದು ಓಡ್ನಿಗೆ ಬೇರೆಯವರ ಬಾಯಿಂದ ತಿಳಿಯಿತು.

ಮಾರ್ಚಿನಲ್ಲಿ ಒಂದು ದಿನ ಅಡುಗೆ ಪಾಠ ಮುಗಿದ ಮೇಲೆ ಸಿನ್ನೆವ ಹಿಂದೆ ಉಳಿದಳು. ತೊಟ್ಟಿಯ ಮುಂದೆ ನಿಂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಅವತ್ತು ಯಾಕೆ ಸುಳ್ಳು ಹೇಳಿದೆ?"

ಹೇಳಬಹುದಾದ ಕಾರಣಗಳು ಬಹಳ ಇದ್ದವು: ಮೂವತ್ತನಾಲ್ಕು ಜನ, ಊರು, ಶಾಲೆ, ಒಂದೇ ದಿನದ ಮಾತು. ಒಂದೊಂದನ್ನೂ ನೆನೆದಾಗ ಓಡ್ನಿಗೆ ಎಸ್ಕಿಲ್ ಸಕ್ಕರೆ ನೆಕ್ಕಿದ ಬೆರಳು ಕಾಣಿಸಿತು.

"ಹೆದರಿದ್ದೆ. ಸಂಜೆ ಮನೆಗೆ ಹೋಗಿ ಮಾಗ್ನರ್ ಎದುರಿಗೆ ಕೂತು ಊಟ ಮಾಡ್ಬೇಕಲ್ಲ ಅಂತ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಸಿನ್ನೆವ ನಲ್ಲಿ ನಿಲ್ಲಿಸಿದಳು. ಪಾತ್ರೆಯನ್ನು ಒರೆಸಿ ಕಪಾಟಿನಲ್ಲಿ ಅದರ ಜಾಗಕ್ಕೇ ಇಟ್ಟಳು. ನಿನ್ನೆಯ ಅಳತೆ ಒಂಬತ್ತು ಬಂತು, ಲೋಳೆ ಹೋಗಿದೆ, ಆದರೆ ಕಲ್ಲು ಮಗುಚಿ ನೋಡಿದರೆ ಮೀನು ತಿನ್ನುವ ಒಂದು ನೀರುಹುಳವೂ ಇಲ್ಲ, ಯಾವಾಗ ಬರುತ್ತವೋ ಎಂದು ಹೊದನ್ ಕೇಳುತ್ತಿದ್ದಾಳೆ ಎಂದಳು. ಮೇಲ್ಗಡೆಯಿಂದ ತೇಲಿ ಬರಬೇಕು, ಒಂದು ವರ್ಷವಾದರೂ ಹಿಡಿಯಬಹುದು, ನನಗೂ ಖಚಿತವಿಲ್ಲ ಎಂದಳು ಓಡ್ನಿ. ಹುಡುಗಿ ಅದನ್ನು ಫೋನಿನಲ್ಲಿ ಬರೆದುಕೊಂಡಳು, ಖಚಿತವಿಲ್ಲ ಎಂಬುದನ್ನೂ ಸೇರಿಸಿ.

ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ಸಲ ಹೊಳೆಗೆ ನೀನೂ ಬಾ ಎಂದು ಸಿನ್ನೆವ ಕರೆಯಲಿಲ್ಲ. ಬರಲೇ ಎಂದು ಓಡ್ನಿಯೂ ಕೇಳಲಿಲ್ಲ.